ಆಕ್ಸ್‌ಹಿಲ್ಲಿನ ಒಂದು ಗೋರಿಕಲ್ಲು

ಇಂಗ್ಲಿಷ್ ಕಾವ್ಯವನ್ನು ಅಭ್ಯಾಸಮಾಡಿದವರಲ್ಲಿ ಥಾಮಸ್ ಗ್ರೇ ಕವಿಯ ಹೆಸರನ್ನು ಕೇಳದವರು ವಿರಳ. ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಮಣ್ಣಾಗಿರುವ ಬಡ ಒಕ್ಕಲುಮಕ್ಕಳನ್ನು ನೆನೆದು ಆತನು ಬರೆದ ಶೋಕಗೀತೆ 1751ರಲ್ಲಿ ಅಚ್ಚಾಯಿತು. ಅಂದಿನಿಂದ ಇಂಗ್ಲೆಂಡಿನ ಹಳ್ಳಿಗಾಡಿನ ಸಮಾಧಿಭೂಮಿಯೆಂದರೆ ವಿದ್ಯಾವಂತರ ಮನಸ್ಸಿನಲ್ಲಿ ಒಂದೇ ಚಿತ್ರ ಮೂಡುವುದು ವಾಡಿಕೆಯಾಗಿದೆ: ಹಳೆಯ ಮರಗಳ ನೆರಳು, ಹುಲ್ಲು ಬೆಳೆದ ದಿಬ್ಬಗಳು, ಹುಟ್ಟಿದ ಊರನ್ನು ಬಿಟ್ಟು ಎಂದೂ ಹೊರಗೆ ಹೋಗದ ಸರಳಜನರ ಶಾಂತವಾದ ನಿದ್ರೆ. ಚಿತ್ರವು ಸುಂದರವಾದುದೇ ಸರಿ. ಆದರೆ ಚರಿತ್ರೆಯನ್ನು ಓದುವವರು ಸುಂದರವಾದ ಚಿತ್ರಗಳ ಹಿಂಬದಿಯನ್ನೂ ಒಮ್ಮೆ ನೋಡಬೇಕಾಗುತ್ತದೆ. ಗ್ರೇ ಕವಿಯ ಪದ್ಯ ಹೊರಬರುವುದಕ್ಕೆ 45 ವರ್ಷಗಳ ಹಿಂದೆಯೇ, ಅಂಥದೇ ಒಂದು ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ಆ ಊರಿನವಳಲ್ಲದ ಒಬ್ಬ ಹೆಣ್ಣನ್ನು ಹೂಳಿದರು. ಅವಳ ತಲೆಯ ಬಳಿ ನೆಟ್ಟ ಕಲ್ಲು ಇಂದಿಗೂ ನಿಂತಿದೆ. ಆ ಕಲ್ಲಿನ ವಿಚಾರವಾಗಿಯೇ ನಾವು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಊರಿನ ಹೆಸರು ಆಕ್ಸ್‌ಹಿಲ್. ಇದು ವಾರಿಕ್‌ಷೈರ್ ಪ್ರಾಂತದ ದಕ್ಷಿಣಭಾಗದಲ್ಲಿರುವ ಒಂದು ಸಣ್ಣ ಗ್ರಾಮ. ಒಂದು ಕಡೆಗೆ ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರ್ಯಾಟ್‌ಫರ್ಡ್ ಪಟ್ಟಣ. ಇನ್ನೊಂದು ಕಡೆಗೆ 1642ರಲ್ಲಿ ದೊರೆಯ ಪಕ್ಷಕ್ಕೂ ಪಾರ್ಲಿಮೆಂಟಿನ ಪಕ್ಷಕ್ಕೂ ಮೊದಲ ದೊಡ್ಡ ಕಾಳಗ ನಡೆದ ಎಜ್‌ಹಿಲ್ ಬೆಟ್ಟಸಾಲು. ಸಂತ ಲಾರೆನ್ಸನ ಹೆಸರಿನ ಇಲ್ಲಿನ ಇಗರ್ಜಿಯು ನಾರ್ಮನ್ ದೊರೆಗಳ ಕಾಲದ್ದು. ಎಂದರೆ ಗೋರಿಕಲ್ಲನ್ನು ನೆಡುವ ಹೊತ್ತಿಗೇ ಅದಕ್ಕೆ ಐದು ನೂರು ವರ್ಷಗಳು ಕಳೆದಿದ್ದುವು. ಇಂಥ ಇಗರ್ಜಿಗಳು ಇಂಗ್ಲೆಂಡಿನಲ್ಲಿ ಸಾವಿರಾರು ಇವೆ. ಆಕ್ಸ್‌ಹಿಲ್ಲಿಗೆ ಚರಿತ್ರಕಾರರನ್ನು ಎಳೆದುತರುವುದು ಇಗರ್ಜಿಗಿಂತ ಹೆಚ್ಚಾಗಿ ಅದರ ಅಂಗಳದಲ್ಲಿರುವ ಆ ಒಂದು ಕಲ್ಲೇ.

ಕಲ್ಲು ದೊಡ್ಡದಲ್ಲ, ಬರೆಹವೂ ದೊಡ್ಡದಲ್ಲ. ಅದರಿಂದ ತಿಳಿದುಬರುವ ಸಂಗತಿಗಳು ನಾಲ್ಕೇ ನಾಲ್ಕು. ಇಲ್ಲಿ ಮಲಗಿರುವವಳ ಹೆಸರು ಮಿರ್ಟಿಲಾ ಎಂಬುದು ಒಂದು. ಅವಳು ನೀವಿಸ್ ದ್ವೀಪದ ಥಾಮಸ್ ಬೀಚಮ್ ಎಂಬ ಗೃಹಸ್ಥನ ನೀಗ್ರೋ ಗುಲಾಮಳು ಎಂಬುದು ಎರಡನೆಯದು. ಅಕ್ಟೋಬರ್ 20ರಂದು ಅವಳಿಗೆ ಜ್ಞಾನಸ್ನಾನವಾಯಿತೆಂಬುದು ಮೂರನೆಯದು. ಜನವರಿ 6ರಂದು ಅವಳನ್ನು ಭೂಗತಮಾಡಿದರೆಂಬುದು ನಾಲ್ಕನೆಯದು. ಕಲ್ಲಿನ ಮೇಲಿನ ಇಸವಿ 1705. ಅವಳ ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ, ಹೆತ್ತವರಾರು ಎಂಬ ಮಾತು ಇಲ್ಲ. ಸಾಮಾನ್ಯವಾಗಿ ಗೋರಿಕಲ್ಲುಗಳಲ್ಲಿ ಕಾಣಬರುವ ಗುಣವರ್ಣನೆಯಾಗಲಿ ಪ್ರಾರ್ಥನೆಯಾಗಲಿ ಇಲ್ಲ. ಲೆಕ್ಕದ ಪುಸ್ತಕದಿಂದ ಒಂದು ಪಂಕ್ತಿಯನ್ನು ತೆಗೆದು ಕಲ್ಲಿನ ಮೇಲೆ ಇಟ್ಟಂತೆ ಇದೆ.

ಓದುವವನಿಗೆ ಮೊದಲು ಎಡವಟ್ಟಾಗಿ ತೋರುವುದು ತೇದಿಗಳು. ಅಕ್ಟೋಬರಿನಲ್ಲಿ ಜ್ಞಾನಸ್ನಾನ ಪಡೆದವಳನ್ನು ಅದೇ 1705ನೆಯ ಇಸವಿಯ ಜನವರಿಯಲ್ಲಿ ಹೂಳುವುದು ಹೇಗೆ? ಜನವರಿಯು ಅಕ್ಟೋಬರಿಗೆ ಮೊದಲಲ್ಲವೆ? ಕಲ್ಲುಕುಟಿಗನು ತಪ್ಪಿದನೆಂದು ಹೇಳಿಬಿಡುವುದು ಸುಲಭ. ಆದರೆ ಅವನು ತಪ್ಪಿಲ್ಲ. 1751ರ ಕೊನೆಯವರೆಗೂ ಇಂಗ್ಲೆಂಡಿನ ಶಾಸನಬದ್ಧವಾದ ವರ್ಷವು ಜನವರಿ 1ರಂದು ಆರಂಭವಾಗುತ್ತಿರಲಿಲ್ಲ. ಮಾರ್ಚ್ 25ರಂದು, ದೇವದೂತನು ಮೇರಿಗೆ ಶುಭವಾರ್ತೆಯನ್ನು ತಿಳಿಸಿದ ಹಬ್ಬದ ದಿನ, ಆರಂಭವಾಗುತ್ತಿತ್ತು. ನಮ್ಮ ಪಂಚಾಂಗವನ್ನು ಬಲ್ಲವರಿಗೆ ಇದು ಸೋಜಿಗವಾಗಬೇಕಾದುದಿಲ್ಲ. ಯುಗಾದಿಯಿಂದ ಸಂವತ್ಸರ ಮೊದಲಾಗುವ ನಮ್ಮಲ್ಲಿ ಆಶ್ವಯುಜ ಕಳೆದು ಪುಷ್ಯ ಬಂದರೂ ಸಂವತ್ಸರದ ಹೆಸರು ಬದಲಾಗುವುದಿಲ್ಲವಷ್ಟೆ; ಹಾಗೆಯೇ ಅಂದಿನ ಇಂಗ್ಲಿಷರ ಜನವರಿಯು ವರ್ಷದ ಕೊನೆಯ ಭಾಗಕ್ಕೆ ಸೇರಿತ್ತು. ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವು ನಮ್ಮ ಪುಸ್ತಕಗಳಲ್ಲಿ 1649ರ ಜನವರಿ 30ರಂದು ನಡೆದಿದ್ದರೂ ಆಗಿನ ದಾಖಲೆಗಳು ಅದನ್ನು 1648 ಎಂದು ಬರೆದಿರುವುದೂ ಈ ಕಾರಣದಿಂದಲೇ. ಪಾರ್ಲಿಮೆಂಟಿನ ಕಾಯಿದೆಯೊಂದರಿಂದ 1752ನೆಯ ವರ್ಷವು ಮೊದಲ ಬಾರಿಗೆ ಜನವರಿ 1ರಂದು ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್ 2ನೆಯ ತೇದಿಯ ಮಾರನೆಯ ದಿನವನ್ನು 14 ಎಂದು ಎಣಿಸಿ ಹಳೆಯ ಗಣನೆಯನ್ನು ಯೂರೋಪಿನ ಗಣನೆಗೆ ಸರಿಹೊಂದಿಸಿದರು. ಆದುದರಿಂದ ಮಿರ್ಟಿಲಾಳನ್ನು ಹೂಳಿದ್ದು ಈಗಿನ ಲೆಕ್ಕಕ್ಕೆ 1706ರ ಜನವರಿಯಲ್ಲಿ. ಜ್ಞಾನಸ್ನಾನಕ್ಕೂ ಸಂಸ್ಕಾರಕ್ಕೂ ನಡುವೆ ಕಳೆದದ್ದು 78 ದಿವಸಗಳು. ಒಂದು ಶರತ್ಕಾಲದ ಕೊನೆ ಮತ್ತು ಅರ್ಧ ಚಳಿಗಾಲ. ಉಷ್ಣವಲಯದ ದ್ವೀಪದಿಂದ ಬಂದ ಆ ಹೆಣ್ಣಿನ ಕ್ರೈಸ್ತಜೀವನವೆಲ್ಲವೂ ಅಷ್ಟರೊಳಗೇ ಮುಗಿದುಹೋಯಿತು.

ಇನ್ನು ಅವಳ ಹೆಸರು. ಮಿರ್ಟಿಲಾ ಎಂಬುದು ಆಫ್ರಿಕದ ಹೆಸರಲ್ಲ. ವಾರಿಕ್‌ಷೈರಿನ ರೈತರ ಮನೆಗಳಲ್ಲಿ ರೂಢಿಯಾಗಿದ್ದ ಹೆಸರೂ ಅಲ್ಲ. ಗ್ರೀಕರೂ ರೋಮನರೂ ರತಿದೇವಿಗೆ ಪ್ರಿಯವೆಂದು ಭಾವಿಸುತ್ತಿದ್ದ ಮಿರ್ಟಲ್ ಎಂಬ ಪರಿಮಳದ ಗಿಡದಿಂದ ಹುಟ್ಟಿದ ಕಾವ್ಯದ ಹೆಸರದು. ಗೋಪಗೀತೆಗಳ ನಾಯಕಿಗೆ ಒಪ್ಪುವಂಥದು. ವೆಸ್ಟ್ ಇಂಡೀಸಿನ ತೋಟಗಳ ಒಡೆಯರು ತಾವು ಕೊಂಡ ಆಳುಗಳಿಗೆ ಸೀಸರ್, ಪಾಂಪಿ, ಸಿಪಿಯೋ, ವೀನಸ್, ಫೀಬಿ ಮುಂತಾದ ಪುರಾತನ ನಾಮಗಳನ್ನು ಇಡುತ್ತಿದ್ದರು. ಪಾಠಶಾಲೆಯಲ್ಲಿ ಕಲಿತ ಲ್ಯಾಟಿನ್ನಿಗೆ ಅವರಿಗೆ ದೊರೆತ ಉಪಯೋಗಗಳಲ್ಲಿ ಇದೂ ಒಂದು. ಮಹಾವೀರನ ಹೆಸರನ್ನು ಬರಿಗಾಲಿನ ಹುಡುಗನಿಗೆ ಇಡುವುದರಲ್ಲಿ ಅವರಿಗೊಂದು ವಿನೋದವಿತ್ತು. ತಾಯಿ ಕರೆದ ಹೆಸರು ಹೋಗಿ ಒಡೆಯನು ಇಟ್ಟ ಹೆಸರು ಉಳಿಯುವುದು ದಾಸ್ಯದ ಮೊದಲ ಗುರುತು. ಆ ಗುರುತನ್ನೇ ಕಲ್ಲು ನಮಗೆ ಹೆಸರೆಂದು ಒಪ್ಪಿಸುತ್ತದೆ.

ಅವಳ ಒಡೆಯನ ದ್ವೀಪವಾದ ನೀವಿಸ್ ಕೆರಿಬಿಯನ್ ಸಮುದ್ರದ ಲೀವರ್ಡ್ ದ್ವೀಪಮಾಲೆಗೆ ಸೇರಿದ್ದು. ನಡುವೆ ಮೋಡ ಮುಸುಕಿದ ಒಂದು ಅಗ್ನಿಪರ್ವತ. ಸುತ್ತಲೂ ಇಳಿಜಾರು ನೆಲ. ಒಟ್ಟು ವಿಸ್ತೀರ್ಣ 36 ಚದರ ಮೈಲಿ. ನಮ್ಮ ಒಂದು ಹೋಬಳಿಯಷ್ಟಿರುವ ಈ ನೆಲದಲ್ಲಿ ಇಂಗ್ಲಿಷರು 1628ರಲ್ಲಿ ನೆಲಸಿದರು. ಮೊದಲು ಹೊಗೆಸೊಪ್ಪು, ಅನಂತರ ಕಬ್ಬು. ಕಬ್ಬು ಬೆಳೆಯುವ ನಾಡಿನವರಾದ ನಮಗೆ ಆ ಕೆಲಸದ ಸ್ವರೂಪವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ಹೊತ್ತು ಮೀರಿದರೆ ರಸ ಕೆಡುತ್ತದೆ. ಆದಕಾರಣ ಕಟಾವಿನ ತಿಂಗಳುಗಳಲ್ಲಿ ಹಗಲು ಗದ್ದೆ, ರಾತ್ರಿ ಗಾಣ, ಗಾಣದ ಪಕ್ಕದಲ್ಲಿ ಕುದಿಯುವ ಕೊಪ್ಪರಿಗೆಗಳ ಸಾಲು. ನಮ್ಮ ಆಲೆಮನೆಯಲ್ಲಿ ಕೆಲವು ವಾರಗಳು ನಡೆಯುವ ಶ್ರಮವು ಅಲ್ಲಿ ತಿಂಗಳುಗಟ್ಟಲೆ ಚಾಟಿಯ ಕೆಳಗೆ ನಡೆಯುತ್ತಿತ್ತು. ಗಾಣದ ಉರುಳೆಗಳ ನಡುವೆ ಕೈ ಸಿಕ್ಕಿಕೊಂಡರೆ ಕತ್ತರಿಸಿ ಬಿಡಿಸಲೆಂದು ಕೊಡಲಿಯನ್ನು ಹತ್ತಿರದಲ್ಲಿಯೇ ಇಟ್ಟಿರುತ್ತಿದ್ದರೆಂದು ಆ ದ್ವೀಪಗಳ ವೃತ್ತಾಂತಗಳಿಂದ ತಿಳಿಯುತ್ತದೆ.

ಈ ದುಡಿಮೆಗೆ ಆಳುಗಳನ್ನು ತಂದದ್ದು ಆಫ್ರಿಕದಿಂದ. 1672ರಲ್ಲಿ ಸನ್ನದು ಪಡೆದ ರಾಯಲ್ ಆಫ್ರಿಕನ್ ಕಂಪೆನಿಯು ಲೀವರ್ಡ್ ದ್ವೀಪಗಳಿಗೆಲ್ಲ ಗುಲಾಮರನ್ನು ಒದಗಿಸುವ ಮುಖ್ಯಸ್ಥಾನವನ್ನಾಗಿ ನೀವಿಸನ್ನೇ ಆರಿಸಿಕೊಂಡಿತ್ತು. 1698ರಲ್ಲಿ ಪಾರ್ಲಿಮೆಂಟು ಕಂಪೆನಿಯ ಏಕಸ್ವಾಮ್ಯವನ್ನು ಸಡಲಿಸಿ, ಶೇಕಡಾ 10ರಷ್ಟು ಸುಂಕ ತೆತ್ತವರೆಲ್ಲರಿಗೂ ಈ ವ್ಯಾಪಾರವನ್ನು ತೆರೆದಿಟ್ಟಿತು. 1678ರ ಗಣತಿಯಲ್ಲಿ ನೀವಿಸಿನ ಬಿಳಿಯರೂ ಕರಿಯರೂ ಹೆಚ್ಚುಕಡಮೆ ಸಮಸಂಖ್ಯೆಯಲ್ಲಿದ್ದರು. 1708ರ ಗಣತಿಯ ವೇಳೆಗೆ ಕರಿಯರ ಸಂಖ್ಯೆ ಬಿಳಿಯರ ಮೂರರಷ್ಟನ್ನೂ ಮೀರಿತ್ತು. ಇಂಗ್ಲೆಂಡಿನ ಮನೆಗಳಲ್ಲಿ ಚಹದ ಬಟ್ಟಲಿಗೆ ಬಿದ್ದ ಸಕ್ಕರೆಯ ಹಿಂದೆ ಇದ್ದ ಲೆಕ್ಕ ಇದು. ತೋಟಗಳಿಂದ ಹಣಮಾಡಿದವರು ಇಂಗ್ಲೆಂಡಿಗೆ ಬಂದುಹೋಗುವಾಗ, ಅಥವಾ ಹಿಂದಿರುಗಿ ನೆಲಸುವಾಗ, ಮನೆಗೆಲಸಕ್ಕೆಂದು ಒಬ್ಬಿಬ್ಬರು ಗುಲಾಮರನ್ನು ಜೊತೆಗೆ ಕರೆತರುವುದು ವಾಡಿಕೆಯಾಗಿತ್ತು. ಮಿರ್ಟಿಲಾ ವಾರಿಕ್‌ಷೈರಿನ ಹಳ್ಳಿಯೊಂದರಲ್ಲಿ ಮಣ್ಣಾದದ್ದು ಇಂಥ ವಾಡಿಕೆಯ ಫಲ.

ಅವಳನ್ನು ಹೂಳಿ ಸುಮಾರು ಮೂರು ತಿಂಗಳಿಗೆ ನೀವಿಸಿಗೆ ಒಂದು ದೊಡ್ಡ ವಿಪತ್ತು ಬಂದಿತು. ಸ್ಪೆಯಿನ್ ಸಿಂಹಾಸನದ ಉತ್ತರಾಧಿಕಾರಕ್ಕಾಗಿ ಯೂರೋಪಿನಲ್ಲಿ ನಡೆಯುತ್ತಿದ್ದ ಯುದ್ಧದ ಜ್ವಾಲೆ ಆ ಸಮುದ್ರಕ್ಕೂ ಹಬ್ಬಿತ್ತು. 1706ರ ವಸಂತದಲ್ಲಿ ಇಬರ್‌ವಿಲ್ ಎಂಬ ಫ್ರೆಂಚ್ ನೌಕಾನಾಯಕನು ದ್ವೀಪವನ್ನು ಹಿಡಿದು, ಮನೆಗಳನ್ನೂ ಗಾಣಗಳನ್ನೂ ಹಾಳುಮಾಡಿ, ಮೂರು ಸಾವಿರಕ್ಕೂ ಹೆಚ್ಚು ಮಂದಿ ಗುಲಾಮರನ್ನು ಹಡಗುಗಳಲ್ಲಿ ತುಂಬಿಕೊಂಡು ಹೋದನು. ಸಂಧಿಪತ್ರಗಳಲ್ಲಿಯೂ ನಷ್ಟದ ಅರ್ಜಿಗಳಲ್ಲಿಯೂ ಅವರು ಸಂಖ್ಯೆಯಾಗಿ ಮಾತ್ರ ಕಾಣುತ್ತಾರೆ. ಇಷ್ಟು ಕೊಪ್ಪರಿಗೆಗಳು, ಇಷ್ಟು ದನಗಳು, ಇಷ್ಟು ಗುಲಾಮರು ಎಂದು. ಆ ಮೂರು ಸಾವಿರ ಮಂದಿಯ ಬದಿಯಲ್ಲಿ ಆಕ್ಸ್‌ಹಿಲ್ಲಿನ ಒಂದು ಕಲ್ಲನ್ನು ಇಟ್ಟು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಅವರ ಪೈಕಿ ಒಬ್ಬಳಾಗಿರಬಹುದಾಗಿದ್ದವಳಿಗೆ ಇಲ್ಲಿ ಒಂದು ಹೆಸರಿದೆ, ಎರಡು ತೇದಿಗಳಿವೆ, ಆರಡಿ ಮೂರಡಿ ನೆಲವಿದೆ.

ಈಗ ಕಲ್ಲಿನ ಮೇಲಿನ ಅತ್ಯಂತ ಭಾರವಾದ ಮಾತಿಗೆ ಬರೋಣ. ಅವಳನ್ನು ಸೇವಕಿಯೆಂದು ಕರೆದಿಲ್ಲ, ಊಳಿಗದವಳೆಂದು ಕರೆದಿಲ್ಲ, ಗುಲಾಮಳೆಂದು ಕರೆದಿದೆ. ಈ ಮಾತನ್ನು ಇಂಗ್ಲೆಂಡಿನ ನೆಲದ ಮೇಲೆ, ದೇವರ ಮನೆಯ ಅಂಗಳದಲ್ಲಿ, ಎಲ್ಲರೂ ಓದುವಂತೆ ಕೆತ್ತಿಸಿದವರಿಗೆ ಯಾವ ಸಂಕೋಚವೂ ಇರಲಿಲ್ಲ. ಆದರೆ ಇಂಗ್ಲೆಂಡಿನ ನೆಲದಲ್ಲಿ ಗುಲಾಮರು ಇರಬಹುದೆ ಎಂಬುದು ಅದೇ ಕಾಲದಲ್ಲಿ ನ್ಯಾಯಸ್ಥಾನಗಳನ್ನು ಕಾಡುತ್ತಿದ್ದ ಪ್ರಶ್ನೆಯಾಗಿತ್ತು. 1677ರಲ್ಲಿ ರಾಜಪೀಠದ ನ್ಯಾಯಾಲಯವು ಒಂದು ವ್ಯಾಜ್ಯದಲ್ಲಿ, ನೀಗ್ರೋಗಳನ್ನು ವರ್ತಕರು ಸರಕಿನಂತೆ ಕೊಂಡು ಮಾರುವ ಪದ್ಧತಿ ಇರುವುದರಿಂದಲೂ ಅವರು ಕ್ರೈಸ್ತರಲ್ಲವಾದುದರಿಂದಲೂ ಅವರಲ್ಲಿ ಸ್ವತ್ತಿನ ಹಕ್ಕು ಉಂಟೆಂಬ ಅಭಿಪ್ರಾಯಕ್ಕೆ ಬಂದಿತ್ತು. ಅದೇ ಪೀಠದಲ್ಲಿ 1689ರಿಂದ 1710ರವರೆಗೆ ಮುಖ್ಯ ನ್ಯಾಯಾಧಿಪತಿಯಾಗಿದ್ದ ಸರ್ ಜಾನ್ ಹೋಲ್ಟನು ಇದಕ್ಕೆ ವಿರುದ್ಧವಾದ ಮಾತನ್ನು ಹೇಳಿದನು: ನೀಗ್ರೋ ಆದವನು ಇಂಗ್ಲೆಂಡಿಗೆ ಕಾಲಿಟ್ಟೊಡನೆ ಸ್ವತಂತ್ರನಾಗುವನೆಂಬುದೂ, ಇಂಗ್ಲೆಂಡಿನ ಸಾಮಾನ್ಯ ನ್ಯಾಯವು ಮನುಷ್ಯನನ್ನು ಇತರ ಸರಕುಗಳಂತೆ ಕಾಣುವುದಿಲ್ಲವೆಂಬುದೂ ಆತನ ಅಭಿಪ್ರಾಯದ ಸಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೋಲ್ಟನು ಹೀಗೆ ಹೇಳುತ್ತಿದ್ದ ವರ್ಷಗಳಲ್ಲಿಯೇ ಆಕ್ಸ್‌ಹಿಲ್ಲಿನಲ್ಲಿ ಕಲ್ಲುಕುಟಿಗನು ಗುಲಾಮಳೆಂಬ ಮಾತನ್ನು ಕೆತ್ತುತ್ತಿದ್ದನು. ನ್ಯಾಯದ ಪುಸ್ತಕ ಹೇಳುವುದು ಒಂದು, ಊರಿನಲ್ಲಿ ನಡೆಯುವುದು ಇನ್ನೊಂದು. ಚರಿತ್ರೆಯನ್ನು ಕಾಯಿದೆಗಳಿಂದ ಮಾತ್ರ ಬರೆಯಲಾಗದೆಂಬುದಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ದೊರೆಯುವುದು ಕಷ್ಟ.

ಜ್ಞಾನಸ್ನಾನದ ತೇದಿಯನ್ನು ಕಲ್ಲಿನಲ್ಲಿ ಹೇಳಿರುವುದಕ್ಕೂ ಇಲ್ಲಿ ಒಂದು ಅರ್ಥವುಂಟು. ಕ್ರೈಸ್ತನಲ್ಲದಿರುವುದೇ ದಾಸ್ಯಕ್ಕೆ ಆಧಾರವಾದರೆ, ಕ್ರೈಸ್ತನಾದೊಡನೆ ದಾಸ್ಯ ಕಳಚಬೇಕಷ್ಟೆ? ಈ ತರ್ಕವನ್ನು ಗುಲಾಮರೂ ಬಲ್ಲವರಾಗಿದ್ದರು. ಒಡೆಯರೂ ಬಲ್ಲವರಾಗಿದ್ದು ಹೆದರುತ್ತಿದ್ದರು. ಅಮೆರಿಕದ ವರ್ಜೀನಿಯ ಸೀಮೆಯ ಸಭೆಯು 1667ರಷ್ಟು ಹಿಂದೆಯೇ, ಜ್ಞಾನಸ್ನಾನದಿಂದ ದಾಸ್ಯವು ತೊಲಗುವುದಿಲ್ಲವೆಂದು ಶಾಸನಮಾಡಿ ಒಡೆಯರ ಭಯವನ್ನು ನಿವಾರಿಸಿತ್ತು. ಇಂಗ್ಲೆಂಡಿನಲ್ಲಿ ಸಂಶಯವು ಹಾಗೆಯೇ ಉಳಿದು, 1729ರಲ್ಲಿ ತೋಟಗಳ ಒಡೆಯರು ಸರ್ಕಾರದ ಇಬ್ಬರು ಪ್ರಧಾನ ನ್ಯಾಯವಾದಿಗಳಾದ ಯಾರ್ಕ್ ಮತ್ತು ಟಾಲ್ಬಟ್ ಎಂಬವರಿಂದ, ಇಂಗ್ಲೆಂಡಿಗೆ ಬಂದ ಮಾತ್ರಕ್ಕೆ ಆಗಲಿ ಜ್ಞಾನಸ್ನಾನ ಪಡೆದ ಮಾತ್ರಕ್ಕೆ ಆಗಲಿ ಗುಲಾಮನು ಸ್ವತಂತ್ರನಾಗುವುದಿಲ್ಲವೆಂಬ ಅಭಿಪ್ರಾಯವನ್ನು ಬರೆಯಿಸಿಕೊಂಡರು. ಅದು ತೀರ್ಪಲ್ಲ, ಆದರೂ ಒಡೆಯರು ಅದನ್ನು ತೀರ್ಪಿನಂತೆಯೇ ನಾಲ್ವತ್ತು ವರ್ಷಗಳ ಕಾಲ ಮುಂದೊಡ್ಡಿದರು. ಮಿರ್ಟಿಲಾಳ ಕಲ್ಲಿನಲ್ಲಿ ಎರಡು ಮಾತುಗಳೂ ಅಕ್ಕಪಕ್ಕದಲ್ಲಿ ನಿಂತಿವೆ: ಅವಳು ಗುಲಾಮಳು, ಅವಳಿಗೆ ಜ್ಞಾನಸ್ನಾನವಾಗಿದೆ. ಒಂದು ಮಾತು ಇನ್ನೊಂದನ್ನು ಅಳಿಸಬೇಕೆಂದು ಕೆತ್ತಿಸಿದವರಿಗೆ ತೋರಲಿಲ್ಲ. ಪರಲೋಕದಲ್ಲಿ ಅವಳಿಗೆ ಪಾಲು ಕೊಟ್ಟವರು ಇಹಲೋಕದ ಒಡೆತನವನ್ನು ಬಿಟ್ಟುಕೊಡಲಿಲ್ಲ.

ಇಷ್ಟಾದರೂ ಇದನ್ನು ಕ್ರೌರ್ಯದ ಗುರುತೆಂದು ಮಾತ್ರ ಹೇಳಿ ಮುಗಿಸುವುದು ನ್ಯಾಯವಾಗಲಾರದು. 17ನೆಯ ಶತಮಾನದ ಕೊನೆಯವರೆಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಯಲಿನ ಗೋರಿಗಳಿಗೆ ಕಲ್ಲು ನೆಡುವುದು ಅಪೂರ್ವವಾಗಿತ್ತು. ಜಮೀನ್ದಾರರಿಗೂ ಪಾದ್ರಿಗಳಿಗೂ ಇಗರ್ಜಿಯ ಒಳಗೆ ಸ್ಮಾರಕ. ಉಳಿದವರಿಗೆ ಒಂದು ಮರದ ಹಲಗೆ, ಅಥವಾ ಏನೂ ಇಲ್ಲ. ಆಕ್ಸ್‌ಹಿಲ್ಲಿನಂಥ ಹಳ್ಳಿಯಲ್ಲಿ ತಲೆತಲಾಂತರದಿಂದ ಉತ್ತು ಬಿತ್ತಿದ ಎಷ್ಟೋ ಮನೆತನಗಳು ಆ ಅಂಗಳದಲ್ಲಿ ಒಂದು ಅಕ್ಷರವನ್ನೂ ಉಳಿಸದೆ ಕರಗಿಹೋಗಿವೆ. ಅವರ ಜ್ಞಾನಸ್ನಾನ, ಮದುವೆ, ಸಾವುಗಳು ಪಾದ್ರಿಯ ದಫ್ತರದಲ್ಲಿ ಉಂಟು. 1538ರಿಂದ ಪ್ರತಿಯೊಂದು ಇಗರ್ಜಿಯೂ ಅಂಥ ದಫ್ತರವನ್ನು ಇಡಬೇಕೆಂಬ ರಾಜಾಜ್ಞೆಯಿತ್ತು. ಆದರೆ ಬಯಲಿನಲ್ಲಿ ಕಲ್ಲಿಲ್ಲ. ಊರಿನವರಿಗೆ ಇಲ್ಲದ ಕಲ್ಲು ಪರದೇಶದ ಗುಲಾಮಳಿಗೆ ಆಯಿತು. ಕಲ್ಲಿಗೆ ವೆಚ್ಚವುಂಟು, ಕೆತ್ತುವವನಿಗೆ ಅಕ್ಷರಕ್ಕಿಷ್ಟೆಂದು ಕೂಲಿಯುಂಟು; ಯಾರೋ ಅದನ್ನು ತೆತ್ತಿದ್ದಾರೆ. ಮನೆಯಲ್ಲಿದ್ದ ಜೀವವೊಂದು ಪರದೇಶದಲ್ಲಿ ತೀರಿಹೋದಾಗ ಅವರಿಗೆ ಆದ ವ್ಯಸನ ನಿಜವಾಗಿರಬಾರದೆಂದು ಹೇಳಲು ನಮಗೆ ಅಧಿಕಾರವಿಲ್ಲ. ಕರುಣೆಯೂ ಒಡೆತನವೂ ಒಂದೇ ಮನೆಯಲ್ಲಿ, ಒಂದೇ ಮನಸ್ಸಿನಲ್ಲಿ ವಾಸಮಾಡಬಲ್ಲವೆಂಬುದನ್ನು ಒಪ್ಪಿಕೊಳ್ಳದೆ ದಾಸ್ಯದ ಚರಿತ್ರೆಯನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ. ಒಡೆಯರೆಲ್ಲರೂ ರಾಕ್ಷಸರಾಗಿದ್ದರೆ ಆ ಪದ್ಧತಿ ಅಷ್ಟು ಕಾಲ ಬಾಳುತ್ತಿರಲಿಲ್ಲ. ಸಾಧುಗಳೂ ಸಭ್ಯರೂ ಇಗರ್ಜಿಗೆ ತಪ್ಪದೆ ಹೋಗುವವರೂ ಅದನ್ನು ಸಹಜವೆಂದು ತಿಳಿದದ್ದರಿಂದಲೇ ಅದು ಬಾಳಿತು.

ಆಕ್ಸ್‌ಹಿಲ್ಲಿನ ಕಲ್ಲನ್ನು ಇದೇ ಬಗೆಯ ಬೇರೆ ಎರಡು ಕಲ್ಲುಗಳೊಡನೆ ಹೋಲಿಸಿದರೆ ಈ ಸಹಜಭಾವವು ಕಾಲಕ್ರಮದಲ್ಲಿ ಹೇಗೆ ಬದಲಾಯಿತೆಂಬುದು ಗೊತ್ತಾಗುತ್ತದೆ. ಮೊದಲನೆಯದು ಬ್ರಿಸ್ಟಲಿನ ಬಳಿಯ ಹೆನ್‌ಬರಿಯದು. ಅಂದು ಅದು ಹಳ್ಳಿ. ಈಗ ನಗರದೊಳಗೆ ಸೇರಿಹೋಗಿದೆ. ಸಫಕ್ ಪ್ರಾಂತದ ಅರ್ಲ್ ಪದವಿಯಲ್ಲಿದ್ದ ಚಾರ್ಲ್ಸ್ ವಿಲಿಯಂ ಹೋವರ್ಡನ ಮನೆಯಲ್ಲಿ ಸೇವಕನಾಗಿದ್ದು 1720ರ ಡಿಸೆಂಬರ್ 21ರಂದು ತನ್ನ 18ನೆಯ ವಯಸ್ಸಿನಲ್ಲಿ ತೀರಿಕೊಂಡ ತರುಣನ ಸಮಾಧಿ ಅಲ್ಲಿದೆ. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು, ಹೀಗೆ ಎರಡು ಕಲ್ಲುಗಳು. ಬಣ್ಣ ಹಚ್ಚಿದ ಕೆತ್ತನೆ. ಕಪ್ಪು ಮುಖದ ದೇವಶಿಶುಗಳು. ಅವನಿಗೆ ಇಟ್ಟಿದ್ದ ಹೆಸರು ಸಿಪಿಯೋ ಆಫ್ರಿಕೇನಸ್. ರೋಮಿನ ಸಿಪಿಯೋ ಕ್ರಿ. ಪೂ. 202ರಲ್ಲಿ ಜಾಮಾ ಯುದ್ಧದಲ್ಲಿ ಹ್ಯಾನಿಬಲನನ್ನು ಸೋಲಿಸಿ, ಆಫ್ರಿಕವನ್ನು ಗೆದ್ದವನೆಂದು ಆ ಬಿರುದನ್ನು ಪಡೆದವನು. ಆಫ್ರಿಕವನ್ನು ಗೆದ್ದವನ ಬಿರುದನ್ನು ಆಫ್ರಿಕದಿಂದ ಗೆದ್ದುತಂದವರ ಮಗುವಿಗೆ ಇಟ್ಟಿದ್ದಾರೆ! ಕಾಲಿನ ಕಡೆಯ ಕಲ್ಲಿನಲ್ಲಿ ಅವನೇ ಮಾತನಾಡುವಂತೆ ರಚಿಸಿದ ಪದ್ಯವೊಂದಿದೆ. ಹುಟ್ಟುವಾಗ ಪಾಷಂಡಿಯೂ ಗುಲಾಮನೂ ಆಗಿದ್ದವನು ಈಗ ಕ್ರೈಸ್ತನಾಗಿ ಮಲಗಿದ್ದಾನೆಂಬುದು ಅದರ ಭಾವ. ಇಲ್ಲಿ ದಾಸ್ಯವು ಕಳೆದುಹೋದ ಅವಸ್ಥೆಯಾಗಿ, ಕ್ಷಮಾಪಣೆಯನ್ನು ಬೇಡುವ ಸಂಗತಿಯಾಗಿ ತೋರುತ್ತದೆ. ಹದಿನೈದು ವರ್ಷಗಳ ಹಿಂದೆ ಆಕ್ಸ್‌ಹಿಲ್ಲಿನಲ್ಲಿ ನಿಸ್ಸಂಕೋಚವಾಗಿದ್ದ ಮಾತಿಗೆ ಇಲ್ಲಿ ಅಲಂಕಾರದ ಹೊದಿಕೆ ಬೇಕಾಗಿದೆ. ಮಾತು ಇನ್ನೂ ಅವನದಲ್ಲ. ಅವನ ಬಾಯಿಂದ ಆಡಿಸಿದ ಮಾತು.

ಎರಡನೆಯದು ವೇಲ್ಸ್ ಗಡಿಗೆ ಹತ್ತಿರವಾದ ಷ್ರಾಪ್‌ಷೈರಿನ ಬಿಷಪ್ಸ್ ಕ್ಯಾಸಲ್ ಎಂಬ ಸಣ್ಣ ಪಟ್ಟಣದಲ್ಲಿದೆ. 1801ರ ಸೆಪ್ಟೆಂಬರ್ 9ರಂದು ಆ ಊರಿನಲ್ಲಿ ಮೃತನಾದವನ ಹೆಸರಿನ ಬದಲು ಐ. ಡಿ. ಎಂಬ ಎರಡು ಅಕ್ಷರಗಳು ಮಾತ್ರ ಅಲ್ಲಿವೆ. ಆದರೆ ಅವನ ಒಡೆಯನ ಹೆಸರೂ ಇಲ್ಲ. ಗುಲಾಮನೆಂದಾಗಲಿ ಸೇವಕನೆಂದಾಗಲಿ ಹೇಳದೆ, ಆಫ್ರಿಕದಲ್ಲಿ ಹುಟ್ಟಿದವನೆಂದು ಹೇಳಿದೆ. ಕೆಳಗೆ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದ 26ನೆಯ ವಾಕ್ಯ. ಎಲ್ಲ ಜನಾಂಗಗಳನ್ನೂ ದೇವರು ಒಂದೇ ರಕ್ತದಿಂದ ಮಾಡಿದನೆಂಬುದು ಅದರ ತಾತ್ಪರ್ಯ. ಗುಲಾಮಗಿರಿಯನ್ನು ವಿರೋಧಿಸಿದವರು ಸಭೆಸಭೆಗಳಲ್ಲಿ ಎತ್ತಿ ಹೇಳುತ್ತಿದ್ದ ವಾಕ್ಯ ಇದೇ. ಮೂರು ಕಲ್ಲುಗಳನ್ನು ಸಾಲಾಗಿ ಓದಿದರೆ ಒಂದು ಶತಮಾನದ ಮನಃಪರಿವರ್ತನೆ ಕಣ್ಣಿಗೆ ಕಟ್ಟುತ್ತದೆ: ಮೊದಲು ಒಡೆಯನ ಸ್ವತ್ತು, ಅನಂತರ ಉದ್ಧಾರವಾದ ಸೇವಕ, ಕೊನೆಗೆ ಆಫ್ರಿಕದ ಮನುಷ್ಯ.

ಈ ಪರಿವರ್ತನೆ ತಾನಾಗಿ ಆಗಲಿಲ್ಲ. ನಡುವೆ 1772ರ ಜೂನ್ 22 ಬಂದಿತು. ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನು ಒಡೆಯನಿಂದ ತಪ್ಪಿಸಿಕೊಂಡು, ಮತ್ತೆ ಸೆರೆಸಿಕ್ಕಿ, ಜಮೇಕಕ್ಕೆ ಹೊರಟಿದ್ದ ಹಡಗಿನಲ್ಲಿ ಸರಪಣಿಯಲ್ಲಿದ್ದನು. ಗ್ರ್ಯಾನ್‌ವಿಲ್ ಷಾರ್ಪ್ ಎಂಬ ಸಾಮಾನ್ಯ ಗುಮಾಸ್ತನು ನ್ಯಾಯಶಾಸ್ತ್ರವನ್ನು ತಾನೇ ಓದಿ ಕಲಿತು ಆತನ ಬೆಂಬಲಕ್ಕೆ ನಿಂತನು. ಗುಲಾಮನನ್ನು ಬಲಾತ್ಕಾರದಿಂದ ಇಂಗ್ಲೆಂಡಿನ ಹೊರಕ್ಕೆ ಸಾಗಿಸಲು ಈ ದೇಶದ ಯಾವ ಕಾಯಿದೆಯೂ ಅಧಿಕಾರ ಕೊಡುವುದಿಲ್ಲವೆಂದು ಮ್ಯಾನ್ಸ್‌ಫೀಲ್ಡ್ ಪ್ರಭುವು ತೀರ್ಪುಕೊಟ್ಟನು. ಆಗ ಇಂಗ್ಲೆಂಡಿನಲ್ಲಿ 14 ಅಥವಾ 15 ಸಾವಿರ ಮಂದಿ ಕರಿಯರಿದ್ದರೆಂಬ ಅಂದಾಜು ಆ ವ್ಯಾಜ್ಯದಲ್ಲಿಯೇ ಕೇಳಿಬಂದಿತು. ತೀರ್ಪಿನಿಂದ ದ್ವೀಪಗಳ ಗುಲಾಮರಿಗೆ ಏನೂ ಆಗಲಿಲ್ಲ. ವ್ಯಾಪಾರವು ನಿಂತದ್ದು 1807ರ ಕಾಯಿದೆಯಿಂದ. ದಾಸ್ಯವೇ ತೊಲಗಿದ್ದು 1833ರ ಕಾಯಿದೆಯಿಂದ. ಅದೂ 1834ರ ಆಗಸ್ಟ್ 1ರಂದು ಜಾರಿಗೆ ಬಂದು, ಶಿಷ್ಯವೃತ್ತಿಯೆಂಬ ಹೊಸ ಹೆಸರಿನ ಬಂಧನದಲ್ಲಿ ನಾಲ್ಕು ವರ್ಷ ತಡೆದು, 1838ರಲ್ಲಿ ಪೂರ್ಣವಾಯಿತು. ಪರಿಹಾರವೆಂದು ಪಾರ್ಲಿಮೆಂಟು 2 ಕೋಟಿ ಪೌಂಡುಗಳನ್ನು ಕೊಟ್ಟಿತು, ಕೊಟ್ಟದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ದೊರೆಯಲಿಲ್ಲ.

ಮಿರ್ಟಿಲಾಳ ಕಲ್ಲು ಈಗ ಸರ್ಕಾರದ ರಕ್ಷಣೆಗೆ ಒಳಪಟ್ಟಿದೆ. ಇಂಗ್ಲೆಂಡಿನಲ್ಲಿ ವಾಸ್ತುವಿಶೇಷಕ್ಕಾಗಿ ಅಥವಾ ಚರಿತ್ರೆಗಾಗಿ ಕಾಪಾಡತಕ್ಕ ಕಟ್ಟಡಗಳ ಪಟ್ಟಿಯೊಂದು ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರಂಭವಾದ ಈ ಏರ್ಪಾಡು 1947ರ ಕಾಯಿದೆಯಿಂದ ಬಲಗೊಂಡಿತು. ಈಗ ನಡೆಯುತ್ತಿರುವುದು 1990ರ ಕಾಯಿದೆಯ ಪ್ರಕಾರ. ಪಟ್ಟಿಯಲ್ಲಿ ಹೆಚ್ಚುಕಡಮೆ ನಾಲ್ಕು ಲಕ್ಷ ನಮೂದುಗಳಿವೆ. ಅರಮನೆ, ಸೇತುವೆ, ಗಾಳಿಗಿರಣಿಗಳ ಜೊತೆಯಲ್ಲಿ ಒಂಟಿ ಗೋರಿಕಲ್ಲುಗಳೂ ಸೇರಿವೆ. ಆಕ್ಸ್‌ಹಿಲ್ಲಿನ ಕಲ್ಲು ಎರಡನೆಯ ದರ್ಜೆಯದು. ಹೆನ್‌ಬರಿಯದು ಅದಕ್ಕಿಂತ ಒಂದು ಮೆಟ್ಟಲು ಮೇಲಿನದು. ಇಂಥದನ್ನು ಅಪ್ಪಣೆಯಿಲ್ಲದೆ ಕದಲಿಸುವುದು ಅಪರಾಧ. ಇಗರ್ಜಿಯ ಅಂಗಳವಾದುದರಿಂದ ಧರ್ಮಾಧಿಕಾರಿಗಳ ಪ್ರತ್ಯೇಕ ಅಪ್ಪಣೆಯೂ ಬೇಕು. ವ್ಯಾಪಾರವನ್ನು ನಿಲ್ಲಿಸಿದ ಕಾಯಿದೆಗೆ 200 ವರ್ಷ ತುಂಬಿದ 2007ರಲ್ಲಿ ಇಂಥ ಸಮಾಧಿಗಳ ಕಡೆಗೆ ಇಂಗ್ಲಿಷರ ಗಮನ ವಿಶೇಷವಾಗಿ ಹರಿಯಿತು.

ಆದರೆ ಕಾಯಿದೆಯ ರಕ್ಷಣೆಗೂ ಒಂದು ಮಿತಿಯುಂಟು. 2020ರ ಜೂನ್ ತಿಂಗಳಿನಲ್ಲಿ ಬ್ರಿಸ್ಟಲಿನ ಜನರು ಗುಲಾಮರ ವ್ಯಾಪಾರದಲ್ಲಿ ಪಾಲುಗೊಂಡಿದ್ದ ಎಡ್ವರ್ಡ್ ಕಾಲ್ಸ್ಟನ್ ಎಂಬ ವರ್ತಕನ ಪ್ರತಿಮೆಯನ್ನು ಕೆಡವಿ ಬಂದರಿನ ನೀರಿಗೆ ಎಸೆದರು. ಕೆಲವು ದಿನಗಳ ಮೇಲೆ ಹೆನ್‌ಬರಿಯ ತರುಣನ ಎರಡು ಕಲ್ಲುಗಳನ್ನೂ ಯಾರೋ ಒಡೆದುಹಾಕಿ, ಪ್ರತಿಮೆಯನ್ನು ಹಿಂದಕ್ಕೆ ನಿಲ್ಲಿಸಬೇಕೆಂಬ ಬೆದರಿಕೆಯ ಮಾತನ್ನು ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆದು ಹೋದರು. ಸತ್ತು 300 ವರ್ಷವಾದ ಹುಡುಗನೊಬ್ಬನು ಹೀಗೆ ಒಂದು ಜಗಳದ ಒತ್ತೆಯಾಳಾದನು. ಕಲ್ಲುಗಳ ದುರಸ್ತಿಗೆ ಸಾರ್ವಜನಿಕರು ಹಣ ಕೂಡಿಸಿದರೆಂಬುದು ಸಮಾಧಾನದ ಸಂಗತಿ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಒಂದು ಹೆಣ್ಣನ್ನು ಗುಲಾಮಳೆಂದು ಕರೆಯುವ ಕಲ್ಲನ್ನು ಸರ್ಕಾರದ ವೆಚ್ಚದಲ್ಲಿ ಕಾಪಾಡುವುದು ಆ ಅಪಮಾನವನ್ನೇ ಕಾಪಾಡಿದಂತಲ್ಲವೆ? ಮಳೆಗೂ ಹಿಮಕ್ಕೂ ಅಕ್ಷರಗಳು ತಾವಾಗಿ ಸವೆದುಹೋಗಲೆಂದು ಬಿಟ್ಟರೆ ಅವಳಿಗೆ ಶಾಂತಿಯಲ್ಲವೆ? ಆಕ್ಷೇಪಣೆ ಹಗುರವಾದುದಲ್ಲ. ಆದರೆ ಆ ಮಾತನ್ನು ಅಳಿಸಿದರೆ ಅದರೊಡನೆ ಅಳಿಯುವುದು ಯಾವುದೆಂಬುದನ್ನೂ ನೋಡಬೇಕು. ಮಿರ್ಟಿಲಾ ಎಂಬ ಹೆಸರು ಬೀಚಮ್ ಎಂಬ ಹೆಸರಿಗೆ ಕಟ್ಟಿಹಾಕಲ್ಪಟ್ಟೇ ನಮ್ಮವರೆಗೆ ಬಂದಿದೆ. ಕಟ್ಟನ್ನು ಕಡಿದರೆ ಹೆಸರೂ ಜಾರಿಹೋಗುತ್ತದೆ. ಗುಲಾಮಳೆಂಬ ಮಾತು ಹೋದರೆ ಲಾಭವಾಗುವುದು ಮಲಗಿರುವವಳಿಗಲ್ಲ. ಅವಳನ್ನು ಹಾಗೆ ಕರೆದವರಿಗೆ. ಇಂಗ್ಲೆಂಡಿನ ಹಳ್ಳಿಗೂ ಕೆರಿಬಿಯನ್ ಕಬ್ಬಿನ ಗದ್ದೆಗೂ ಸಂಬಂಧವೇ ಇರಲಿಲ್ಲವೆಂದು ನಂಬುವುದು ಆಗ ಸುಲಭವಾಗುತ್ತದೆ. ಆ ಸಂಬಂಧವನ್ನು ಹೇಳುವ ಲೆಕ್ಕಪತ್ರಗಳು ಲಂಡನ್ನಿನ ಭಂಡಾರಗಳಲ್ಲಿ ಬೇಕಾದಷ್ಟಿವೆ. ಆದರೆ ಅವುಗಳನ್ನು ತೆರೆಯುವವರು ಪಂಡಿತರು. ಬಯಲಿನ ಕಲ್ಲನ್ನು ದಾರಿಹೋಕನೂ ಓದುತ್ತಾನೆ, ಶಾಲೆಯ ಮಗುವೂ ಓದುತ್ತದೆ.

ಶಿಲಾಶಾಸನಗಳನ್ನು ಓದುವವರು ಕೇಳಬೇಕಾದ ಪ್ರಶ್ನೆಗಳು ಎರಡು: ಇದನ್ನು ಬರೆಯಿಸಿದವರು ಯಾರು, ಯಾರ ಸಲುವಾಗಿ ಬರೆಯಿಸಿದರು? ದೊರೆಯ ಶಾಸನಕ್ಕೂ ಗುಲಾಮಳ ಗೋರಿಗೂ ಈ ಪ್ರಶ್ನೆಗಳು ಒಂದೇ. ಆಕ್ಸ್‌ಹಿಲ್ಲಿನ ಕಲ್ಲನ್ನು ನೆಡಿಸಿದವರು ತಾವು ಬರೆಯಿಸಿದ್ದು ಒಂದು ಸತ್ಕಾರ್ಯದ ಗುರುತೆಂದು ನಂಬಿದ್ದಿರಬಹುದು. ಮೂರು ಶತಮಾನಗಳು ಕಳೆದ ಮೇಲೆ ಅದೇ ಅಕ್ಷರಗಳು ಅವರ ವಿರುದ್ಧವಾಗಿ ಸಾಕ್ಷಿ ಹೇಳುತ್ತಿವೆ. ಸಾಕ್ಷಿ ಹೇಳುತ್ತಿರುವಾಗಲೇ, ಯಾರ ಮಾತನ್ನು ಅವರು ಎಂದೂ ಕೇಳಲಿಲ್ಲವೋ ಅವಳ ಹೆಸರನ್ನು ನಮ್ಮ ನಾಲಗೆಯ ಮೇಲೆ ಇಡುತ್ತಿವೆ. ಅವಳಿಗೆ ಆಗಬೇಕಾಗಿದ್ದ ನ್ಯಾಯವನ್ನು ಚರಿತ್ರೆ ಮಾಡಲಾರದು. ಅವಳಿದ್ದಳೆಂಬುದನ್ನು, ಇದ್ದದ್ದು ಹೇಗೆಂಬುದನ್ನು, ಇದ್ದಹಾಗೆಯೇ ಹೇಳುವುದು ಮಾತ್ರ ಅದರ ಕೈಯಲ್ಲಿದೆ. ಆ ಕಲ್ಲನ್ನು ಅದರ ಒಂದು ಅಕ್ಷರವೂ ಕೆಡದಂತೆ ಕಾಪಾಡಬೇಕಾದುದು ಇಷ್ಟಕ್ಕಾಗಿ.